ಷರಾ

ಬೆಳಗಿನ ನಾಲ್ಕೂಮುಕ್ಕಾಲು. ಅನ್ಸಬ್‌ನ ಮೂರನೇ ಕೊಳದ ದಂಡೆ.
ಮಸ್ಕತ್ತು ರಾತ್ರಿಯೆಲ್ಲ ಮಿಂದದ್ದು, ತೊಳೆದದ್ದು, ಹೇತದ್ದು
ಸೋಸಿಸಿಕೊಂಡು, ಕದಡಿಸಿಕೊಂಡು, ಗಾಳಿ ಊದಿಸಿಕೊಂಡು
ಇಲ್ಲಿಗೆ ಬಂದು ಸುಮ್ಮನೆ ನಿಲ್ಲುತ್ತದೆ.
ನಾನು ಬಾಟಲಿ ಅದ್ದುತ್ತೇನೆ.
ಮನೆಯವರು ಕೇಳಿದರೆ
ನೀರಿನ ಇಲಾಖೆ, ಅನ್ನುತ್ತೇನೆ. ಸುಳ್ಳಲ್ಲ.

ಜೊಂಡಿನೊಳಗೆ ಅದು ಆಗಲೇ ಎದ್ದಿದೆ.
ಹೆಬ್ಬೆರಳಿನಷ್ಟು ಮೈ, ಮೈಗಿಂತ ಉದ್ದ ಬಾಲ,
ಬಾಲಕ್ಕೆ ಯಾರೋ ಸ್ಪ್ರಿಂಗು ಹಾಕಿಕೊಟ್ಟ ಹಾಗೆ.
ಟ್ಸಿರ್ರ್, ಟ್ಸಿರ್ರ್:
ಹಳೇ ಕೈಗಡಿಯಾರಕ್ಕೆ ಕೀಲಿ ಕೊಡುವ ಸದ್ದು.
ಒಂದು ದಂಟಿಗೆ ಒಂದು ಕಾಲು, ಪಕ್ಕದ ದಂಟಿಗೆ ಇನ್ನೊಂದು,
ನಡುವೆ ಗುಂಗುರು ಹುಳುಗಳ ಹೊಗೆ; ಅದರೊಳಕ್ಕೆ ಕೊಕ್ಕು.

ಹೆಸರು ಕೇಳಿದೆ.
ಕಾವಲಿನ ಸುವೈದ್ 'ಉಸ್ಫೂರ್' ಅಂದ;
ಅವನಿಗೆ ಗಿಡುಗನಿಗಿಂತ ಚಿಕ್ಕದೆಲ್ಲ ಉಸ್ಫೂರೇ.
ಜೊಂಡು ಕೊಯ್ಯುವ ಮೊಫಿಜುಲ್ 'ಟುನ್‌ಟುನಿ' ಅಂದ,
ಆಮೇಲೆ ಕತ್ತಿ ಒರೆಸುತ್ತ, 'ಅಲ್ಲ, ಅದರ ಚಿಕ್ಕಪ್ಪನ ಮಗ.'
ನನ್ನಲ್ಲಿ ಒಂದು ಶಬ್ದ ಇತ್ತು, ಉಲಿಯಕ್ಕಿ.
ಕುಮಟೆಯ ಶಾಲೆಯ ಗೋಡೆಪಟದಲ್ಲಿ ಓದಿದ್ದು.
ಮೂವತ್ತು ವರ್ಷ ಬಾಯಲ್ಲೇ ಇತ್ತು,
ಖರ್ಚಾಗಿರಲಿಲ್ಲ.

ಮೇ ತಿಂಗಳ ಒಂದು ಸೋಮವಾರ ಗಾಳಿಯಂತ್ರದ ಜಾಲರಿಯ ಕೆಳಗೆ
ಒಂದು ಬಿದ್ದಿತ್ತು. ಇನ್ನೂ ಬೆಚ್ಚಗೆ;
ಇಲ್ಲಿಯ ಬಿಸಿಲಲ್ಲಿ ಸತ್ತದ್ದು ತಣ್ಣಗಾಗಲು ಯಾರೂ ಬಿಡುವುದಿಲ್ಲ.
ಪ್ರಯೋಗಶಾಲೆಯ ತಕ್ಕಡಿಯಲ್ಲಿಟ್ಟೆ.
ಕೆಸರಿನ ಕಾಗದ ತೂಗುವ ತಕ್ಕಡಿ, ಉಸಿರು ತಾಗಿದರೆ ಅಂಕಿ ನಡುಗುತ್ತದೆ.
ಆರು ಪಾಯಿಂಟು ಎಂಟು.
ಪರ್ಸಿನ ತಳದಲ್ಲಿದ್ದ ನಮ್ಮ ಹಳೇ ಐದು ರೂಪಾಯಿ ಇಟ್ಟು ನೋಡಿದೆ:
ನಾಣ್ಯವೇ ಹೆಚ್ಚು.
ಕೊಕ್ಕಿನ ಸಂದಿಯಲ್ಲಿ ಸೊಳ್ಳೆಯದೊಂದು ಕಾಲು.
ಅದನ್ನೂ ಸೇರಿಸಿ ಆರು ಪಾಯಿಂಟು ಎಂಟು.

ಮೊಫಿಜುಲ್ ಕತ್ತಿಯ ತುದಿಯಿಂದ ಕುಳಿ ತೋಡಿದ, ಬೆರಳುದ್ದ.
ಏನೂ ಹೇಳಲಿಲ್ಲ. ಚಹಾಕ್ಕೆ ಹೋದೆವು.

ಬಣ್ಣ: ಇಲ್ಲ. ವಾಸನೆ: ಸ್ವಲ್ಪ. ತೇಲುವ ವಸ್ತು: ಇಲ್ಲ.
ಕೊನೆಯ ಕಾಲಮ್ಮು ಷರಾ; ಹನ್ನೊಂದು ವರ್ಷ ಖಾಲಿ ಬಿಟ್ಟದ್ದು.
ಅಲ್ಲಿ ಕನ್ನಡದಲ್ಲಿ ಬರೆದೆ: ಉಲಿಯಕ್ಕಿ, ಒಂದು ಕಡಿಮೆ.
ಇಂಜಿನಿಯರ್ ವಗ್ದಿ ಕನ್ನಡಕ ಮೇಲೇರಿಸಿ,
'ಇದು ಯಾವ ರಾಸಾಯನಿಕ?'
'ನೀರಿನಲ್ಲಿ ಇರಬೇಕಾದದ್ದು, ಸಾರ್' ಅಂದೆ.
ಸಹಿ ಹಾಕಿದ.

ಇವತ್ತಿನ ಷರಾ:
ಜೊಂಡಿನ ಆಚೆ ಬದಿ ಕೀಲಿ ಕೊಡುವ ಸದ್ದು.
ಈಚೆಯಿಂದ ಇನ್ನೊಂದು, ಸಣ್ಣದು, ತಪ್ಪುತಪ್ಪಾಗಿ.
ಮರಿಯದ್ದೋ, ಪಂಪಿನ ಬೇರಿಂಗಿನದ್ದೋ,
ಬಗ್ಗಿ ಕೇಳುವಷ್ಟರಲ್ಲಿ
ಬಾಟಲಿ ತುಂಬಿ ಬೆರಳ ಮೇಲೆ ಹರಿಯಿತು.