ಪಾಯಿಂಟ್ಸ್‌ಮನ್

ವಾರಕ್ಕ ಮೂರು ಸಲ ನನ್ನ ರಕ್ತ
ನನ್ನ ಬಿಟ್ಟು ಒಂದು ಸುತ್ತು ಹೋಗಿ ಬರತೈತಿ,
ನಾಕು ತಾಸು.
ಆ ಗಾಡಿ ಎಂದೂ ಲೇಟಾಗೂದಿಲ್ಲ.
ಲೇಟಾಗೂದು ನಿದ್ದಿ.

ರಾತ್ರಿ ಉಳಿದಾವೆಲ್ಲಾ ಬರತಾವ:
ಕಾಲಾಗ ಇರಿವಿ ಹರದಾಂಗ, ಬೆನ್ನಾಗ ತುರಿಕಿ,
ಅಳದು ಕುಡದ ಅರ್ಧಾ ಲೋಟಾ ನೀರಿನ ನೆನಪು,
ಬೆಟಗೇರಿಯ ಕಡೀ ಮಗ್ಗ ನಿಂತಮ್ಯಾಲೆ
ಅದರ ಜಾಗಾದಾಗ ಬಂದು ಕೂಡೂ ಮೌನ.
ನಿದ್ದಿ ಮಾತ್ರ ಸಿಗ್ನಲ್ ಕಾಯಕೋತ
ಹುಲಕೋಟಿ ಹತ್ರ ಎಲ್ಲೋ ನಿಂತಿರತೈತಿ.

ಎಡಗೈಯಾಗ ಫಿಸ್ಟುಲಾ.
ಕಿವಿ ಇಟ್ಟರ ಜುಂ ಅಂತೈತಿ.
ಹಳಿಗೆ ಕಿವಿ ಹಚ್ಚಿ, ಗಾಡಿ ಎಷ್ಟು ದೂರ ಅಂತ ಹೇಳಾಂವ ನಾ,
ಗದಗ ಜಂಕ್ಷನ್ನಿನ್ಯಾಗ ಮೂವತ್ತಾರು ವರ್ಷ.
ಲಿವರ್ ಎಳದ್ರ ಕೊಪ್ಪಳ, ಬಿಟ್ಟರ ಬದಾಮಿ.
ಈಗ ಸ್ವಂತ ತೋಳಿಗೆ ಕಿವಿ ಹಚ್ಚಿ ಮಲಗತೀನಿ.
ಬರಾಕತ್ತೇತಿ, ಬರಾಕತ್ತೇತಿ,
ಬರೂದಿಲ್ಲ.

ಎಲಿಶೆಬಾ ಸಿಸ್ಟರ್ ನೀಲಿ ಪೆನ್ನಿಲೆ ಚುಕ್ಕಿ ಇಟ್ಟಳು,
ಬಲಗೈ ಮಣಿಕಟ್ಟಿನ ಗೆರಿ ಮ್ಯಾಲೆ,
ಕಿರಿಬೆರಳು ಇಳಕೊಂಡು ಬಂದು ಮುಗಿಯೂ ತಗ್ಗಿನ್ಯಾಗ.
ಇನ್ನೊಂದು ಒಳಗಾಲಿಗೆ, ಹರಡಿನ ಮ್ಯಾಲೆ ನಾಕು ಬೆರಳು ಬಿಟ್ಟು.
"ಮಲಗೂ ಮುಂದ ಮೂರು ಮೂರು ಮಿನಿಟು ಒತ್ತಿಸಿಕೋರಿ.
ಎಡಗೈ ಮುಟ್ಟಬ್ಯಾಡ್ರಿ ಮತ್ತ.
ಗುಳಿಗಿ ಅಲ್ಲ, ಪವಾಡನೂ ಅಲ್ಲ. ನೋಡೂಣು.
ಇವಕ್ಕ ಪಾಯಿಂಟು ಅಂತಾರ."
ನಕ್ಕೆ. ಪಾಯಿಂಟು ನನಗ ಕಲಸ್ತೀ ಏನವಾ?

ಗಂಗಮಾಳೀದು, ಸೀರಿಗೆ ಕುಚ್ಚ ಕಟ್ಟಿ ಕಟ್ಟಿ
ದಡ್ಡುಗಟ್ಟಿದ ಹೆಬ್ಬಟ್ಟು.
ಗಡಿಯಾರ ನೋಡೂದಿಲ್ಲ ಆಕಿ,
ಒಂದು ಸೆರಗಿಗೆ ಎಷ್ಟು ಗಂಟೋ ಅಷ್ಟು ಎಣಸತಾಳ.
"ಅಲ್ಲಲ್ಲ, ಸ್ವಲ್ಪ ಈ ಕಡೆ," ಅಂತೀನಿ.
"ಬಾಯಿ ಮುಚ್ಚರಿ," ಅಂತಾಳ.
ಯಾರ್ಡಿನ್ಯಾಗ ಪಾಯಿಂಟು ಕೂತ್ರ ಖಟ್ ಅನ್ನೂದು.
ಇಲ್ಲಿ ಏನೂ ಅನ್ನಲಿಲ್ಲ,
ಒಂದೀಟು ಬಿಸಿ ಆತು, ಅಷ್ಟ.

ಐದನೇ ರಾತ್ರಿಯೋ ಆರನೇದೋ,
ಎಣಿಕಿ ನಡುವ ನಿಂತಿತು.
ಮಂಚದ ಅಂಚಿಗೆ ತಲಿ ಹಚ್ಚಿ ಆಕಿ,
ಹೆಬ್ಬಟ್ಟು ಚುಕ್ಕಿ ಮ್ಯಾಲ ಹಂಗ.
ಗೊರಕಿ.
ಎರಡು ವರ್ಷದಿಂದ ಈಕೀನೂ ಮಲಗಿದ್ದಿಲ್ಲ ಅನ್ನೂದು
ಆಗ ತಿಳೀತು ನನಗ.
ದವಾಖಾನಿ ಯಾವ ಕಾಗದದಾಗೂ ಈಕೀ ಹೆಸರಿಲ್ಲ.
ಕೈ ಅಲುಗಿಸಲಿಲ್ಲ.
ಹಸರ ದೀಪ ಹಿಡದಾಂಗ ಹಿಡಕೊಂಡಿದ್ದೆ,
ಹೋಗಲಿ, ಪೂರಾ ಹೋಗಲಿ ಗಾಡಿ.
ಆಮ್ಯಾಲೆ ಯಾವಾಗೋ ನನಗೂ ಹತ್ತಿರಬೇಕು.
ಡ್ಯೂಟಿ ಮ್ಯಾಲೆ ನಾ ಮಲಗಿದ್ದು ಅದ ಮೊದಲು.

ಶುಕ್ರವಾರ ಸಿಸ್ಟರ್ ಫಾರ್ಮು ತಂದಳು.
"ನಿದ್ದಿ ಎಷ್ಟು ತಾಸು? ಹೋದ ತಿಂಗಳ ಎರಡು ಅಂದಿದ್ರಿ."
"ಆರು ಬರಿಯವಾ."
"ಆರಾ?"
"ಮೂರು ನಂದು, ಮೂರು ಗಂಗಮಾಳೀದು.
ಒಂದ ಪಾಯಿಂಟಿನ ಮ್ಯಾಲೆ ಎರಡು ಗಾಡಿ ದಾಟ್ಯಾವ,
ಲೆಕ್ಕಕ್ಕ ಹಿಡಿಯೂದಿಲ್ಲೇನು?"

ಆಕಿ ಮೂರು ಅಂತನ ಬರದಳು.
ಬರದು, ಗೆರಿ ಆಚೆ, ಖಾಲಿ ಜಾಗಾದಾಗ
ಒಂದು ನೀಲಿ ಚುಕ್ಕಿ ಇಟ್ಟಳು.