ಬರಿ ಯಾವುದು?

ಉಮ್ಮುಲ್ ಕ್ವೈನಿನ ಹಿನ್ನೀರು ಇಳಿದ ಹೊತ್ತು
ಕಾಂಡ್ಲಾ ಬೇರುಗಳ ನಡುವೆ, ಮೊಣಕಾಲವರೆಗೆ ಕೆಸರು.
ನಾನೂ ಅದ್ರಾಮನೂ ಬಕೆಟ್ಟಿಗೆ ಹೆಕ್ಕುತ್ತೇವೆ
ನಡೆದಾಡುವ ಶಂಖಗಳನ್ನು.

ಸನ್ಯಾಸಿ ಏಡಿಯಂತೆ. ಯಾರಿಟ್ಟರೋ ಹೆಸರು!
ಮನೆ ಬಿಟ್ಟು ಒಂದು ಗೇಣು ಕದಲದವನು,
ಮೈ ಬೆಳೆದಂತೆಲ್ಲ ದೊಡ್ಡ ಮನೆ ಹುಡುಕುವವನು
ಸನ್ಯಾಸಿಯೆ?
"ನಮ್ಮ ಹಾಗೇ ಅಕ್ಕ, ಬೆಡ್‌ಸ್ಪೇಸು" ಎಂದ ಅದ್ರಾಮ.
ಅಲ್ಲ ಮಾರಾಯ, ಇದು ಬಾಡಿಗೆ ಕೊಡುವುದಿಲ್ಲ.
ಹೋಲಿಸಿದ್ದು ಸಾಕು, ಎಣಿಸು.

ಲ್ಯಾಬಿನಲ್ಲಿ ಡಾಕ್ಟರ್ ಮೌಝಾ ಕೇಳುವ ಮೊದಲ ಮಾತು:
ದೊಡ್ಡ ಇಕ್ಕುಳ ಯಾವ ಕಡೆ?
ಎಡಕ್ಕಾದರೆ ಒಂದು ಕುಟುಂಬ, ಬಲಕ್ಕಾದರೆ ಇನ್ನೊಂದು.
ಎರಡೂ ಸಮವಾದರೆ ಕಣ್ಣು ಲೆನ್ಸಿಗೆ ಒತ್ತಿ
ಬಾಯ ಬಳಿಯ ಕಾಲುಗಳ ಬುಡ ನೋಡಬೇಕು,
ಕೂಡಿಕೊಂಡಿವೆಯೋ, ದೂರ ಸರಿದಿವೆಯೋ.
ಮಲ್ಪೆಯ ದಕ್ಕೆಯಲ್ಲಿ ಹೊಸ ಮುಖ ಕಂಡರೆ
ನನ್ನಜ್ಜಿ ಬುಟ್ಟಿ ಇಳಿಸಿ ಕೇಳುತ್ತಿದ್ದಳು:
ಬರಿ ಯಾವುದು ಮಗಾ?
ತಾಯಿಯಿಂದ ಬಂದದ್ದು ನನ್ನ ಬರಿ.
ಪಾಸ್‌ಪೋರ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಚಿಪ್ಪು ಒಡೆದರೆ ಹಿಂಭಾಗ ಎಳೆ ಹಲಸಿನ ತೊಳೆ,
ಬಲಕ್ಕೆ ತಿರುಚಿದ್ದು.
ಕೋಟಿ ಕೋಟಿ ವರ್ಷ ಸುರುಳಿಯೊಳಗೆ ಕೂತೂ ಕೂತೂ
ಮೈಯೇ ಮನೆಯ ಆಕಾರ.
ಈ ಶಂಖಗಳಿಗೂ ಮೊದಲು, ಈಗ ಒಂದೂ ಉಳಿದಿಲ್ಲದ
ಅಮೋನೈಟಿನ ಚಿಪ್ಪಿನಲ್ಲಿ ಇದರ ಪೂರ್ವಿಕನಿದ್ದ,
ಕಲ್ಲಾಗಿ ಸಿಕ್ಕಿದ್ದಾನೆ, ಎನ್ನುತ್ತಾಳೆ ಮೌಝಾ.
ಅಮೋನೈಟೆಂದರೆ ನಮ್ಮಲ್ಲಿ ಸಾಲಿಗ್ರಾಮ.
ತುಳಸಿ ಏರಿಸಿಕೊಂಡು ಕೂರುವ ದೇವರೊಳಗೆ
ಯಾವ ಮಡಿಯನ್ನೂ ಕೇಳದೆ ಒಕ್ಕಲಿದ್ದ ಏಡಿ!
ನನಗೆ ನಗು ತಡೆಯಲಿಲ್ಲ.
ಅವಳಿಗೆ ವಿವರಿಸುವುದು ಹೇಗೆಂದು ತಿಳಿಯಲಿಲ್ಲ.

ತಣ್ಣೀರಿನ ಕಡಲಲ್ಲಿ ಬಲಗೈಯವರ ಒಂದು ಕವಲು
ಮನೆಯನ್ನೇ ಬಿಟ್ಟಿತಂತೆ.
ಬೆನ್ನು ಗಟ್ಟಿ ಮಾಡಿಕೊಂಡಿತು, ಅಗಲವಾಯಿತು,
ರಾಜ ಏಡಿ ಎನಿಸಿಕೊಂಡಿತು.
ಶುಕ್ರವಾರ ಸೂಪರ್ ಮಾರ್ಕೆಟ್ಟಿನ ಐಸಿನ ಮೇಲೆ ಕಂಡೆ.
ಕಿಲೋಗೆ ನನ್ನ ನಾಲ್ಕು ದಿನದ ಸಂಬಳ.
ಮೀನಿನವನು ಅತ್ತ ತಿರುಗಿದಾಗ
ಮೆಲ್ಲನೆ ಮಗುಚಿ ನೋಡಿದೆ.
ಹೌದು, ಹೊಟ್ಟೆ ಇನ್ನೂ ಸೊಟ್ಟ.
ಗಂಡಿನಲ್ಲಿ ಅಷ್ಟಾಗಿ ಕಾಣುವುದಿಲ್ಲವಂತೆ.
ಇದು ಹೆಣ್ಣು.
ತೊರೆದ ಮನೆಯ ತಿರುವನ್ನು
ತತ್ತಿ ಹೊರುವ ಕಡೆಯೇ ಉಳಿಸಿಕೊಂಡಿದ್ದಾಳೆ.

ಇವತ್ತು ನಲವತ್ತೊಂದು ಬಾಟಲಿ.
ಕುಟುಂಬ ಬರೆದೆ, ಕುಲ ಬರೆದೆ,
ಪ್ರಭೇದದ ಎದುರು ಒಂಬತ್ತಕ್ಕೆ ಬರೀ ಪ್ರಶ್ನೆ ಚಿಹ್ನೆ.
ಹೆಕ್ಕಿದವರು ಎಂಬಲ್ಲಿ ಅದ್ರಾಮನ ಹೆಸರು ಪೂರ್ತಿ,
ಅವನ ತಂದೆಯದೂ ಸೇರಿಸಿ,
ಪೆನ್ಸಿಲಿನಲ್ಲಿ.
ಸ್ಪಿರಿಟ್ಟಿನೊಳಗೆ ಶಾಯಿ ನಿಲ್ಲುವುದಿಲ್ಲ.