ಹುಸಿ ಹಳದಿ

ಅದ್ದು. ಡಬ್ಬಿಯಂಚಿಗೆ ತಾಕಿಸಿ ಹನಿ ಕೆಡವು.
ಅಡ್ಡ ಹಿಡಿ. ಅರವತ್ತು ಎಣಿಸು.
ನಲವತ್ತಕ್ಕೆ ನೋಡಿದರೆ ಪಟ್ಟಿ ಇನ್ನೂ ಮಾತು ಹುಡುಕುತ್ತಿರುತ್ತದೆ,
ನೂರಕ್ಕೆ ನೋಡಿದರೆ
ಕೇಳದ್ದನ್ನೂ ಹೇಳಿಬಿಡುತ್ತದೆ.

ಇದನ್ನೆಲ್ಲ ಡಬ್ಬಿಯ ಮೇಲೆ
ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ವಿಜಯಪುರ, ಅಥಣಿ ರಸ್ತೆ, ತಗಡಿನ ಶೆಡ್ಡು.
ಮೊದಲಿಲ್ಲಿ ಕುಸುಬೆ ಎಣ್ಣೆಯ ಗಾಣವಿತ್ತಂತೆ;
ಮೇ ತಿಂಗಳ ಬಿಸಿಲಿಗೆ ನೆಲ ಕಾದರೆ
ಈಗಲೂ ಜಿಡ್ಡು ವಾಸನೆ ಏಳುತ್ತದೆ.
ಸೋಸುಕಾಗದಕ್ಕೆ ಕಿಣ್ವ ಕುಡಿಸುತ್ತೇವೆ ನಾವು ನಾಲ್ವರು,
ಒಣಗಿಸಿ, ಕತ್ತರಿಸಿ,
ಪಟ್ಟಿಯ ತುದಿಗೆ ಉಗುರಿನಷ್ಟು ಚೌಕ ಅಂಟಿಸುತ್ತೇವೆ.
ಮೂತ್ರದಲ್ಲಿ ಸಕ್ಕರೆ ಇಲ್ಲದಿದ್ದರೆ ಹಳದಿ.
ಇದ್ದರೆ ಹಸಿರು.

ಎಂಥ ಹಸಿರು?
ಒಂದರಿಂದ ನಾಲ್ಕು ಅಂತ ಅಂಕಿ ಕೊಟ್ಟೆ.
ಕತ್ತರಿ ಹಿಡಿದ ಶಾವಂತ್ರವ್ವ ನಕ್ಕಳು:
"ಅಂಕಿ ಯಾರ ಕಣ್ಣಿಗೆ ಕಾಣತೈತ್ರಿ?
ಇದು ಎಳಿ ಕಡ್ಲಿ, ಇದು ಹಕ್ಕರಕಿ,
ಇದು ಮುಂಜಾನಿ ಮೆಂತೆ ಪಲ್ಲೆ,
ಇದು ಅದ ಪಲ್ಲೆ, ಸಂತಿ ಮುಗಿದ ಮ್ಯಾಲ."
ಬಣ್ಣದ ಚೀಟಿಯ ಮೇಲೆ ಅವಳ ಹೆಸರುಗಳೇ ಉಳಿದವು.

ನನ್ನ ಮೂತ್ರಕ್ಕೆ ಗ್ಲುಕೋಸು ತೂಗಿ ಬೆರೆಸಿ
ಮನೆಯ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟಿದ್ದೆ.
ಬಾಗಿಲು ತೆರೆಯುವ ಮುನ್ನ ಗಂಡ ಕೂಗಿ ಕೇಳುತ್ತಿದ್ದ:
"ಇದರಾಗ ಶರಬತ್ತು ಯಾವುದು?"

ಆಮೇಲೆ ಹೊರ್ತಿ ಕಡೆಯಿಂದ ನರ್ಸ್ ದಿಲ್‌ಶಾದಕ್ಕನ ಫೋನು.
"ಏಳು ತಿಂಗಳ ಬಸುರಿ. ನಿಮ್ಮ ಪಟ್ಟಿ ಹಳದಿ ಅಂತೈತಿ.
ರಕ್ತ ಇನ್ನೂರಾ ಅರವತ್ತು ಅಂತೈತಿ.
ನಾ ಯಾರ ಮಾತು ಕೇಳ್ಲಿ?"

ಬಸ್ಸು ಹತ್ತಿ ಹೋದೆ.
ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು,
ತೇವ ಹೀರುವ ಪುಡಿಕೆ ಇನ್ನೂ ನೀಲಿಯಿತ್ತು,
ತಾರೀಕು ಮೀರಿರಲಿಲ್ಲ.
ಗುಡ್ಡೆ ಹಾಕಿದ ಹಣ್ಣಿನ ನಡುವೆ ಕೂತು
ಸುಗಲಾ ನಿಂಬೆ ಆರಿಸುತ್ತಿದ್ದಳು,
ಗಟ್ಟಿಯವು ಚೀಲಕ್ಕೆ, ಬಿರಿದವು ಬುಟ್ಟಿಗೆ.
"ವಾಕರಿಕಿ ನಿಲ್ಲವಲ್ದು, ದಿನಾ ಹತ್ತು ಹಣ್ಣು ಹಿಂಡ್ಕೊಂಡು ಕುಡೀತೀನ್ರಿ.
ಒಡದದ್ದು ಸಂತಿಗೆ ನಡಿಯಂಗಿಲ್ಲ,
ನನಗ ನಡೀತಾವ."
ನನಗೂ ಒಂದು ತಂಬಿಗೆ ಕೊಟ್ಟಳು.
ಅರ್ಧ ಕುಡಿದಿದ್ದೆ, ಹೊಳೆಯಿತು.

ಕಿಣ್ವ ಸಕ್ಕರೆಯನ್ನು ಕಂಡಿತ್ತು.
ಕಂಡದ್ದನ್ನು ಹೇಳಲು ಹೊರಟೂ ಇತ್ತು.
ಬಣ್ಣದ ಹೊಸ್ತಿಲು ದಾಟುವ ಮುನ್ನ
ನಿಂಬೆಯ ಸತ್ವ ದಾರಿಯಲ್ಲೇ ಆ ಮಾತನ್ನು ನುಂಗಿತ್ತು.
ಹಳದಿ ಒಂದೇ, ಆಡುವ ಮಾತು ಎರಡು:
"ಇಲ್ಲ" ಮತ್ತು "ಹೇಳಲಾರೆ".
ಎರಡನ್ನೂ ಬೇರೆ ಮಾಡುವುದು
ಪಟ್ಟಿ ಮಾಡಿದವಳ ಕೆಲಸವಾಗಿತ್ತು.

ಹನ್ನೊಂದು ತಿಂಗಳು ಬೇಕಾಯಿತು.
ಚೌಕದ ಮೇಲೊಂದು ತೆಳು ಜಾಳಿಗೆ, ಅದಕ್ಕೆ ಅಯೋಡೇಟಿನ ಲೇಪ,
ನಿಂಬೆಯನ್ನು ಬಾಗಿಲಲ್ಲೇ ತಡೆಯಲಿ ಅಂತ.
ಲೇಪ ಹೆಚ್ಚಾದಾಗ
ಬಾವಿಯ ನೀರಿಗೂ ಸಕ್ಕರೆ ಕಾಯಿಲೆ ಬಂತು.
ಕಡಿಮೆಯಾದಾಗ ಮತ್ತದೇ ಹಳದಿ.
ಮಗ್ಗುಲಿಗೆ ಒಂದು ನೀಲಿ ಚೌಕ ಇಟ್ಟೆವು, ಚಾಡಿಕೋರ:
ಅದು ಬಿಳುಚಿಕೊಂಡರೆ
ಪಕ್ಕದವನ ಮಾತು ಇವತ್ತು ನಂಬಬೇಡ.

ಸುಗಲಾ ಕಳಿಸಿದ ಬಿರಿದ ಹಣ್ಣುಗಳೇ
ನಮ್ಮ ಅಳತೆಗಲ್ಲಾದವು.
ನಾನೂ ಶಾವಂತ್ರವ್ವನೂ ಪಾಳಿ ಹಾಕಿಕೊಂಡು ಕುಡಿದೆವು, ಹತ್ತತ್ತು,
ಹಲ್ಲು ಜುಮ್ಮೆನ್ನುವ ತನಕ.

ಹೊಸ ಡಬ್ಬಿಯ ಮೇಲೆ ಎಲ್ಲಕ್ಕಿಂತ ಮೇಲೆ,
ದಪ್ಪ ಅಕ್ಷರದಲ್ಲಿ:
ಅದ್ದುವ ಮೊದಲು ಕೇಳಿ, ಏನು ಕುಡಿದಿರಿ?

ದಿಲ್‌ಶಾದಕ್ಕ ಅದನ್ನು ಓದಿದಳೋ ಇಲ್ಲವೋ.
ಅವಳು ಗಡಿಯಾರ ನೋಡುವವಳಲ್ಲ, ಅದ್ದಿ ಕೈ ನೀಡಿ ಹಿಡಿದು
ಮಾತಿಗಿಳಿಯುತ್ತಾಳೆ:
ಎಷ್ಟನೇದು ಇದು, ನಿದ್ದಿ ಬರತೈತೇನು,
ಕಾಲು ಬಾತಾವೇನು, ಏನು ಉಂಡಿ, ಏನು ಕುಡದಿ,
ಮನ್ಯಾಗ ಯಾರರ ಬೈತಾರೇನು.
ಆಮೇಲೆ ಪಟ್ಟಿ ನೋಡುತ್ತಾಳೆ.
ಹಿಂದೆ ನಿಂತು ನಾನು ಎಣಿಸಿದೆ:
ಐವತ್ತೆಂಟು.